ಉಳಿದ ಐದು ಬಾಗಿನಗಳ ವಿಷಯ

ರಾಜ್ಯದ ರಸ್ತೆ ಕಣ್ಗಾವಲು ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ವಿಳಾಸ ಬರೆಯುತ್ತಿಲ್ಲ. ಅದು ನಿಮ್ಮಲ್ಲಿದೆ. ನಾನು ಎಷ್ಟು ಗಂಟೆಗೆ ಮನೆಯಿಂದ ಹೊರಡುತ್ತೇನೆ, ಯಾವ ದಾರಿಯಲ್ಲಿ ತರಕಾರಿಗೆ ಹೋಗುತ್ತೇನೆ, ಕಣ್ಣಿನ ಡಾಕ್ಟರ ಬಳಿ ಎಷ್ಟು ಸಲ ಹೋಗಿ ಬಂದೆ ಎಂಬುದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಾಗಿ ನೇರವಾಗಿ ದೂರಿಗೇ ಬರುತ್ತೇನೆ. ಹೋದ ವರ್ಷ ಗೌರಿ ಹಬ್ಬದ ದಿನ ನಿಮ್ಮ ವಿಭಾಗ ನನ್ನ ಕಾರಿನ ಮೇಲೆ ಒಂದು ಅನುಮಾನ ದಾಖಲಿಸಿತು. ಅದು ಸುಳ್ಳೆಂದು ನಿಮ್ಮದೇ ಪ್ರಯೋಗಾಲಯ ಬರೆದುಕೊಟ್ಟ ಮೇಲೂ ನೀವು ಅದನ್ನು ಅಳಿಸಲಿಲ್ಲ. ಅದರ ದೆಸೆಯಿಂದ, ಅಂದು ನನ್ನ ಕಾರು ಓಡಿಸುತ್ತಿದ್ದ ರಚನಾ ಎಂಬ ಹೆಣ್ಣುಮಗಳು ಏಳು ತಿಂಗಳಿಂದ ಗಂಡನನ್ನೂ ಎಂಟು ವರ್ಷದ ಮಗಳನ್ನೂ ಇಲ್ಲಿ ಬಿಟ್ಟು ಮೈಸೂರಿನಲ್ಲಿ ಸಿಕ್ಕಿಕೊಂಡಿದ್ದಾಳೆ. ಆ ಸಾಲನ್ನು ಅಳಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇದೇ ಮಾತನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ 'ನಿಮ್ಮ ಪತ್ರ ನಮಗೆ ಮುಖ್ಯ' ಎಂಬ ಒಂದೇ ಉತ್ತರ, ಒಂದೇ ಸೆಕೆಂಡಿನಲ್ಲಿ ಬಂತು. ಅಷ್ಟು ಬೇಗ ಓದುವವರು ಮನುಷ್ಯರಾಗಿರಲಾರರು. ಈಗ ಕನ್ನಡದಲ್ಲಿ, ನಮ್ಮವರ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮಗೆ ಬೇಕಾದರೆ ನಿಮ್ಮ ಯಂತ್ರವೇ ಅನುವಾದ ಮಾಡಿಕೊಳ್ಳಲಿ. ಹನ್ನೊಂದು ಮನೆಗೆ ಹೋದ ಹೆಂಗಸು ಏನು ಮಾಡುತ್ತಿದ್ದಾಳೆಂದು ಹೇಳಬಲ್ಲ ಯಂತ್ರಕ್ಕೆ ಕನ್ನಡ ಯಾವ ಮಹಾ ಕಷ್ಟ?

ನಾನು ಪೆಥಾಲಜಿಸ್ಟ್. ಉತ್ತರ ಕ್ಯಾರೊಲೈನಾದ ರಾಲಿಯಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಪರರ ಅಂಗಾಂಶದ ಚೂರುಗಳನ್ನು ನೋಡಿ, ಇದು ಕ್ಯಾನ್ಸರು, ಇದಲ್ಲ ಎಂದು ಬರೆದುಕೊಟ್ಟವಳು. ೧೯೮೬ರಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿ ಈ ದೇಶದ ಪ್ರಜೆಯಾದೆ. ನಿವೃತ್ತಿಯಾದ ಮೇಲೆ ಪ್ರತಿ ಶನಿವಾರ ನಮ್ಮ ಊರಿನ ಲೈಬ್ರರಿಯಲ್ಲಿ, ಪೌರತ್ವದ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುತ್ತೇನೆ. ಸಂವಿಧಾನ ಏನು ಮಾಡುತ್ತದೆ, ಹಕ್ಕು ಎಂದರೇನು, ನೂರು ಪ್ರಶ್ನೆ ನೂರು ಉತ್ತರ. ಏಪೆಕ್ಸ್‌ನಿಂದ, ಸುತ್ತಲಿನ ಊರುಗಳಿಂದ ಬರುತ್ತಾರೆ. ಮೊದಲ ದಿನವೇ ಅವರಿಗೆ ಹೇಳುವ ಒಂದು ಮಾತಿದೆ. ಪೊಲೀಸರು ಚೀಲ ತೋರಿಸಿ ಎಂದು ಕೇಳಿದರೆ, ಬೇಡ ಎನ್ನುವ ಹಕ್ಕು ನಿಮಗಿದೆ, ವಿನಯದಿಂದ ಹಾಗೆ ಹೇಳಿ ಎಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ಪಾಠದಲ್ಲಿ ಇನ್ನೊಂದು ಸಂಗತಿಯನ್ನೂ ಹೆಮ್ಮೆಯಿಂದ ಹೇಳುತ್ತಿದ್ದೆ. ಬ್ರಿಟಿಷ್ ದೊರೆಯ ಅಧಿಕಾರಿಗಳು ಒಂದೇ ಒಂದು ಆಜ್ಞಾಪತ್ರ ಇಟ್ಟುಕೊಂಡು ಯಾರ ಮನೆಯನ್ನಾದರೂ ಹೊಕ್ಕು ತಡಕಬಹುದಾಗಿದ್ದ ಕಾಲವಿತ್ತು. ಹೆಸರು ಬೇಡ, ಪುರಾವೆ ಬೇಡ, ಅನುಮಾನ ಬಂದರೆ ಸಾಕು. ಈ ದೇಶ ಕಟ್ಟಿದವರು ದೊರೆಯ ಮೇಲೆ ತಿರುಗಿಬಿದ್ದ ಕಾರಣಗಳಲ್ಲಿ ಅದೂ ಒಂದು. ೧೭೭೬ರ ಡಿಸೆಂಬರಿನಲ್ಲಿ ನಮ್ಮದೇ ರಾಜ್ಯದವರು ಇಲ್ಲಿನ ಹ್ಯಾಲಿಫ್ಯಾಕ್ಸ್ ಎಂಬ ಊರಿನಲ್ಲಿ ಸೇರಿ ಹಕ್ಕುಗಳ ಪಟ್ಟಿ ಬರೆದಾಗ, ಅಂಥ ಸಗಟು ವಾರಂಟುಗಳು ಸ್ವಾತಂತ್ರ್ಯಕ್ಕೆ ಅಪಾಯ, ಅವನ್ನು ಕೊಡಕೂಡದು ಎಂದು ಬರೆದರು. ಇಂದಿಗೂ ಆ ಮಾತು ರಾಜ್ಯದ ಸಂವಿಧಾನದಲ್ಲಿದೆ. ನಿಮ್ಮ ಕಚೇರಿಯ ಗೋಡೆಯ ಮೇಲೂ ಎಲ್ಲೋ ಚೌಕಟ್ಟು ಹಾಕಿ ನೇತುಹಾಕಿರುತ್ತೀರಿ, ಅದರ ಪಕ್ಕದಲ್ಲೇ ಕ್ಯಾಮೆರಾಗಳ ನಕ್ಷೆ.

ಆ ಕ್ಯಾಮೆರಾಗಳಿಗೆ ನಾನೂ ಕೈ ಎತ್ತಿದವಳು ಎಂಬುದನ್ನು ಮುಚ್ಚಿಡುವುದಿಲ್ಲ. ೨೦೨೨ರಲ್ಲಿ ನಮ್ಮ ಬಡಾವಣೆಯ ಮನೆಮಾಲೀಕರ ಸಂಘದ ಸಭೆ ನಡೆಯಿತು. ಬಾಗಿಲ ಮುಂದಿಟ್ಟ ಪಾರ್ಸೆಲುಗಳು ಕಳುವಾಗುತ್ತಿದ್ದವು. ಬಡಾವಣೆಯ ಬಾಯಲ್ಲಿ ಒಂದು ಕಂಬ, ಅದರ ಮೇಲೆ ಪುಟ್ಟ ಸೋಲಾರ್ ಹಲಗೆ, ಕೆಳಗೊಂದು ಕ್ಯಾಮೆರಾ, ಬಂದುಹೋಗುವ ಕಾರುಗಳ ನಂಬರ್ ಪ್ಲೇಟನ್ನಷ್ಟೇ ಓದುತ್ತದೆ ಎಂದರು. ಅಷ್ಟೇ ತಾನೇ ಎಂದುಕೊಂಡೆ. ನನ್ನದೂ ಒಂದು ಪಾರ್ಸೆಲ್ ಹೋಗಿತ್ತು, ಒಂದು ಜೊತೆ ಚಪ್ಪಲಿ. ಕೈ ಎತ್ತಿದೆ. ಆಮೇಲೆ ಆ ಕಂಬದಂಥ ಎಲ್ಲ ಕಂಬಗಳನ್ನೂ ನಿಮ್ಮ ವಿಭಾಗ ಒಂದಕ್ಕೊಂದು ಜೋಡಿಸಿಕೊಂಡಿದ್ದು ಯಾವ ಸಭೆಯಲ್ಲಿ? ಅಲ್ಲಿ ಕೈ ಎತ್ತಿದವರು ಯಾರು? ನನಗಂತೂ ಯಾರೂ ಹೇಳಿಕಳಿಸಲಿಲ್ಲ.

ಈಗ ಆ ದಿನದ ಕಥೆ. ೨೦೨೪ರ ಸೆಪ್ಟೆಂಬರ್ ಆರು, ಶುಕ್ರವಾರ. ನಮ್ಮ ಬೀದಿಯ ಕೊನೆಯ ಮನೆಯ ರಚನಾ, ಅಭಿಷೇಕ್ ದಂಪತಿ ಮೈಸೂರಿನವರು, ಇಬ್ಬರೂ ಕೆಲಸದ ವೀಸಾದ ಮೇಲಿದ್ದವರು. ಮಗಳು ನಿಧಿ ಇಲ್ಲೇ ಹುಟ್ಟಿದವಳು. ಆ ವರ್ಷ ಗೌರಿಗೆ ಹದಿನಾರು ಬಾಗಿನ ಕೊಡುತ್ತೇನೆಂದು ರಚನಾ ಹರಸಿಕೊಂಡಿದ್ದಳು. ಬಾಗಿನವೆಂದರೆ ಮೊರದ ತುಂಬ ಅಕ್ಕಿ, ಬೇಳೆ, ರವೆ, ಬೆಲ್ಲ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ ಇಟ್ಟು, ಇನ್ನೊಂದು ಮೊರ ಮುಚ್ಚಿ, ಮುತ್ತೈದೆಯರಿಗೆ ಸೆರಗು ಹಿಡಿದು ಕೊಡುವುದು. ಇಲ್ಲಿ ಹದಿನಾರು ಜೊತೆ ಮೊರ ಎಲ್ಲಿಂದ ತರುವುದು? ಇಲ್ಲಿನ ಹೆಂಗಸರೆಲ್ಲ ಮಾಡುವಂತೆ ಅಡುಗೆಯ ಅಲ್ಯೂಮಿನಿಯಂ ಟ್ರೇಗಳನ್ನು ಒಂದರ ಮೇಲೊಂದು ಮುಚ್ಚಿ, ಚೆಲ್ಲದಂತೆ ಸುತ್ತ ಟೇಪು ಹಾಕಿದೆವು. ರವೆ, ಅರಿಶಿನ, ಕುಂಕುಮಗಳನ್ನು ಚಿಕ್ಕ ಚಿಕ್ಕ ಜಿಪ್ ಚೀಲಗಳಿಗೆ ತುಂಬಿದವಳು ನಾನೇ. ನಾನು ವಿಧವೆ, ಬಾಗಿನ ಕೊಡುವಂತಿಲ್ಲ, ತುಂಬಲು ಅಡ್ಡಿಯಿಲ್ಲ. ನಮ್ಮ ಶಾಸ್ತ್ರದಲ್ಲೂ ನಿಮ್ಮ ಕಾನೂನಿನ ಹಾಗೆ ಇಂಥ ಸಂದುಗೊಂದುಗಳಿವೆ.

ನನ್ನ ಕಣ್ಣಿನ ಪೊರೆಯ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ಕಾರು ನನ್ನದು, ಹಿಂದೆ ಜಾಗ ಹೆಚ್ಚು. ಓಡಿಸಿದವಳು ರಚನಾ, ನಾನು ಹಿಂದಿನ ಸೀಟಿನಲ್ಲಿದ್ದೆ. ಮುತ್ತೈದೆಯರೆಲ್ಲ ಕೆಲಸಕ್ಕೆ ಹೋಗುವವರು, ಊಟದ ವೇಳೆಗೆ ಮನೆಗೆ ಬಂದು ಕಾಯುತ್ತಿದ್ದರು. ಒಂದು ಮನೆಗೆ ಐದು ನಿಮಿಷ. ಇಳಿ, ಒಳಗೆ ಹೋಗು, ಕೊಡು, ಕುಂಕುಮ ಹಚ್ಚಿಸಿಕೋ, ಅವರು ಕೊಟ್ಟ ಇನ್ನೊಂದು ಚೀಲ ಹಿಡಿದುಕೊಂಡು ಬಾ. ಮುಂದಿನ ಬಡಾವಣೆ. ಹನ್ನೊಂದು ಮನೆ ಮುಗಿದಿತ್ತು. ರಚನಾ ಬೆಳಗಿನಿಂದ ಉಪವಾಸವಿದ್ದಳು.

"ಆಂಟಿ, ಇನ್ನೈದೇ. ಎರಡು ಗಂಟೆ ಒಳಗೆ ಮುಗಿಸಿಬಿಡೋಣ, ನಂಗೆ ಮೂರಕ್ಕೆ ಮೀಟಿಂಗ್ ಇದೆ," ಎಂದಳು.

ಅಷ್ಟರಲ್ಲಿ ಹಿಂದೆ ನೀಲಿ ದೀಪ ಕಂಡಿತು. ಬಂದವನು ಚಿಕ್ಕ ವಯಸ್ಸಿನ ಅಧಿಕಾರಿ, ಸೌಮ್ಯವಾಗಿಯೇ ಮಾತಾಡಿದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಎರಡು ತಾಸಿನಲ್ಲಿ ಹನ್ನೊಂದು ಮನೆ, ಪ್ರತಿ ಮನೆಯಲ್ಲೂ ಐದೇ ನಿಮಿಷ, ನಿಮ್ಮ ಯಂತ್ರದಿಂದ ಅವನಿಗೆ ಎಚ್ಚರಿಕೆ ಹೋಗಿತ್ತು. ಈ ಬಗೆಯ ಓಡಾಟಕ್ಕೆ ಅದರ ಬಳಿ ಒಂದೇ ಅರ್ಥವಿತ್ತು, ಮಾದಕ ವಸ್ತು ಹಂಚುವುದು. ಹಿಂದಿರುವ ಪೊಟ್ಟಣಗಳಲ್ಲಿ ಏನಿದೆ, ನೋಡಬಹುದೇ ಎಂದು ಕೇಳಿದ. ರಚನಾ ನನ್ನ ಕಡೆ ತಿರುಗಿದಳು.

"ಆಂಟಿ, ಓಪನ್ ಮಾಡಬಾರದಲ್ವಾ ಅದು? ದೇವರಿಗೆ ಇಟ್ಟಿದ್ದು," ಎಂದು ಮೆಲ್ಲಗೆ ಕೇಳಿದಳು. ಬೇಡ ಎಂದುಬಿಡಲಾ ಎಂಬುದೇ ಅದರ ಅರ್ಥ. ಅವಳೂ ನನ್ನ ಶನಿವಾರದ ಪಾಠಕ್ಕೆ ಸುಮ್ಮನೆ ಬಂದು ಕೂರುತ್ತಿದ್ದವಳು, ಮುಂದೆ ಬೇಕಾದೀತು ಎಂದು.

ನಾನು ಏನು ಹೇಳಿದೆ ಗೊತ್ತೇ? "ಸುಮ್ನಿರಮ್ಮ, ನಮ್ಮದೇನು ಮುಚ್ಚುಮರೆ, ನೋಡಿಕೊಳ್ಳಲಿ ಬಿಡು," ಎಂದು ಅವಳಿಗೆ ಹೇಳಿ, ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಖಂಡಿತ ನೋಡಿ, ಏನೂ ಅಭ್ಯಂತರವಿಲ್ಲ ಎಂದೆ. ಬಾಗಿಲಿಗೆ ಬಂದವರಿಗೆ ಇಲ್ಲವೆನ್ನಬಾರದೆಂದು ಬೆಳೆದ ಬಾಯಿ ಅದು. ಹಕ್ಕಿನ ಪಾಠವೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ. ಅದೂ ಸಾಲದೆಂಬಂತೆ, ಬಿಸಿಲಲ್ಲಿ ನಿಂತಿದ್ದಾನೆ ಪಾಪ ಎಂದು ಅವನಿಗೊಂದು ಚಕ್ಕುಲಿ ಪೊಟ್ಟಣವನ್ನೂ ಚಾಚಿದೆ. ಅವನು ಬೇಡವೆಂದ. ಹೀಗೆ ನಿಮ್ಮವರಿಗೆ ವಾರಂಟಿನ ಅಗತ್ಯವೇ ಬೀಳಲಿಲ್ಲ. ದೊರೆಯ ಕಾಲದಲ್ಲಿ ಕಸಿದುಕೊಳ್ಳಬೇಕಾಗಿದ್ದನ್ನು ನಾನು ತಟ್ಟೆಯಲ್ಲಿಟ್ಟು ಕೊಟ್ಟೆ.

ಟೇಪು ಕಿತ್ತು ಐದು ಬಾಗಿನಗಳನ್ನೂ ರಸ್ತೆಬದಿಯ ಹುಲ್ಲಿನ ಮೇಲೆ ಬಿಚ್ಚಿದರು. ಬಿಳಿ ರವೆಯ ಚಿಕ್ಕ ಚೀಲಗಳು, ಹಳದಿ ಪುಡಿ, ಕೆಂಪು ಪುಡಿ, ಹದಿನಾರು ಹೆಸರುಗಳ ಚೀಟಿ, ಹನ್ನೊಂದಕ್ಕೆ ಸರಿ ಗುರುತು. ಎಲ್ಲವನ್ನೂ ಪ್ರಯೋಗಾಲಯಕ್ಕೆ ಒಯ್ದರು. ಐದು ವಾರದ ಮೇಲೆ ವರದಿ ಬಂತು, ನಿಷಿದ್ಧ ವಸ್ತು ಯಾವುದೂ ಇಲ್ಲ. ಬಂಧನವಿಲ್ಲ, ಆರೋಪವಿಲ್ಲ, ದಂಡವಿಲ್ಲ. ನಾವು ನಕ್ಕೆವು. ಚಿರೋಟಿ ರವೆಯನ್ನು ಸರ್ಕಾರವೇ ಪರೀಕ್ಷೆ ಮಾಡಿ ಶುದ್ಧವೆಂದು ಬರೆದುಕೊಟ್ಟಿದೆ ಎಂದು ಕನ್ನಡ ಕೂಟದಲ್ಲಿ ತಮಾಷೆ ಮಾಡಿದವಳೂ ನಾನೇ.

ಡಿಸೆಂಬರಿನಲ್ಲಿ ರಚನಾ ತಮ್ಮನ ಮದುವೆಗೆಂದು ಮೂರು ವಾರದ ಮಟ್ಟಿಗೆ ಮೈಸೂರಿಗೆ ಹೋದಳು. ನಿಧಿಗೆ ಶಾಲೆಯಿತ್ತು, ಅಪ್ಪನ ಜೊತೆ ಉಳಿದಳು. ವಾಪಸು ಬರಲು ಪಾಸ್‌ಪೋರ್ಟಿನ ಮೇಲೆ ಹೊಸ ವೀಸಾ ಮುದ್ರೆ ಬೇಕಿತ್ತು. ಸಂದರ್ಶನದಲ್ಲಿ ಅವಳಿಗೆ ಕೇಳಿದ್ದು ಎರಡೇ ಪ್ರಶ್ನೆ. ಸೆಪ್ಟೆಂಬರ್ ಆರರಂದು ನಿಮ್ಮ ಕಾರಿನಲ್ಲಿ ಏನಿತ್ತು? ನಿಮ್ಮ ಜೊತೆಗಿದ್ದವರು ಅಧಿಕಾರಿಗೆ ಏನನ್ನು ಕೊಡಲು ಹೋದರು? ಆಮೇಲೆ ಒಂದು ಚೀಟಿ ಕೊಟ್ಟು, ಪರಿಶೀಲನೆಯಲ್ಲಿದೆ, ಕಾಯಿರಿ ಎಂದರು. ಇಂದಿಗೂ ಕಾಯುತ್ತಿದ್ದಾಳೆ. ಅವಳ ಕಂಪನಿ ನಾಲ್ಕು ತಿಂಗಳು ಕಾದು, ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿತು.

ನಿಮ್ಮ ವಿಭಾಗದಿಂದ ವೀಸಾ ಕಚೇರಿಗೆ ಹೋದ ವರದಿಯಲ್ಲಿ ನನ್ನ ಚಕ್ಕುಲಿ ಇದೆ, ಸ್ವಾಮಿ. ಅಭಿಷೇಕ್ ವಕೀಲರ ಮೂಲಕ ತರಿಸಿಕೊಂಡ ಪ್ರತಿಯನ್ನು ನಾನೇ ಓದಿದ್ದೇನೆ. 'ಹಿಂದಿನ ಸೀಟಿನಲ್ಲಿದ್ದ ವೃದ್ಧೆ ತಪಾಸಣೆಯ ಹೊತ್ತಿನಲ್ಲಿ ಅಧಿಕಾರಿಗೆ ವಸ್ತುವೊಂದನ್ನು ನೀಡಲು ಯತ್ನಿಸಿದರು.' ಅದರ ಕೆಳಗೆ, 'ಹಂಚಿಕೆಯ ಜಾಲದೊಂದಿಗೆ ಸಂಬಂಧ: ಅನುಮಾನಾಸ್ಪದ.' ಪ್ರಯೋಗಾಲಯದ ವರದಿ ಅದಕ್ಕೆ ಅಂಟಿಕೊಂಡಿಲ್ಲ. ಅದು ಬೇರೆ ಕಡತವಂತೆ. ನಾಲ್ಕು ದಶಕ ಈ ನೆಲದಲ್ಲಿ ಬಾಳಿ, ಇಂಥ ಒಂದು ಸಾಲಿನಲ್ಲಿ ವೃದ್ಧೆಯಾಗಿ ಉಳಿದೆನಲ್ಲ ಎಂದು ನನಗೆ ನಾಚಿಕೆಯಾಯಿತು, ಆಮೇಲೆ ಭಯವಾಯಿತು.

ಆ ದಿನದ ಕ್ಯಾಮೆರಾ ಚಿತ್ರಗಳನ್ನು ಕೊಡಿ, ಅದೇ ದಿನ ಅದೇ ಬಡಾವಣೆಗಳಲ್ಲಿ ನಮ್ಮಂತೆಯೇ ಮನೆಮನೆಗೆ ಹೋದ ಇನ್ನೂ ನಲವತ್ತು ಕಾರುಗಳನ್ನು ತೋರಿಸುತ್ತೇವೆ ಎಂದು ಕೇಳಿದೆವು. ಚಿತ್ರಗಳನ್ನು ತೊಂಬತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ, ನಾಗರಿಕರ ಖಾಸಗಿತನದ ರಕ್ಷಣೆಗಾಗಿ ಅಳಿಸಿದ್ದೇವೆ ಎಂದಿರಿ. ಹಾಗಾದರೆ ಆ ಚಿತ್ರಗಳಿಂದ ಹುಟ್ಟಿದ ಅನುಮಾನ? ಅದು ಚಿತ್ರವಲ್ಲ, ವರದಿ. ಅದಕ್ಕೆ ಕಾಲಮಿತಿಯಿಲ್ಲ. ಸರಿ, ಅದನ್ನು ತೆಗೆದುಹಾಕಲು ಅರ್ಜಿ ಎಲ್ಲಿ ಕೊಡಬೇಕೆಂದು ಅಭಿಷೇಕ್ ಫೋನಿನಲ್ಲಿ ಕೇಳಿದ. ನಿಮ್ಮ ಕಚೇರಿಯ ಹೆಂಗಸು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ಆರೋಪವಿದ್ದರೆ ಅದನ್ನು ರದ್ದುಮಾಡಿಸುವ ದಾರಿಯಿದೆ, ನಿಮ್ಮ ಪತ್ನಿಯ ಮೇಲೆ ಆರೋಪವೇ ಇಲ್ಲವಲ್ಲ, ರದ್ದುಮಾಡಲು ಏನಿದೆ? ಅಭಿಷೇಕ್ ನನ್ನ ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟ.

"ಆಂಟಿ, ಅವಳೇನಾದ್ರೂ ತಪ್ಪು ಮಾಡಿದ್ದಿದ್ರೆ ಇಷ್ಟೊತ್ತಿಗೆ ಕೇಸ್ ಮುಗಿದಿರ್ತಿತ್ತು," ಎಂದ.

ಮಾನ್ಯರೇ, ನನ್ನ ಕಸುಬಿನಲ್ಲೂ 'ಅನುಮಾನಾಸ್ಪದ' ಎಂಬ ಪದವಿದೆ. ವರದಿಯಲ್ಲಿ ಅದನ್ನು ಬರೆದ ದಿನವೇ ನಾನು ಫೋನ್ ಎತ್ತಬೇಕಿತ್ತು. ಇನ್ನೊಂದು ಚೂರು ತರಿಸಬೇಕು, ಇನ್ನೊಬ್ಬರ ಕಣ್ಣಿಗೆ ತೋರಿಸಬೇಕು, ಹೌದು ಅಥವಾ ಅಲ್ಲ ಎಂದು ಮುಗಿಸಬೇಕು. ಒಬ್ಬ ಹೆಂಗಸಿನ ಎದೆಯ ಗಂಟನ್ನು ಅನುಮಾನವೆಂದು ಬರೆದು, ಅಲ್ಲವೆಂದು ಗೊತ್ತಾದ ಮೇಲೂ ಆ ಕಾಗದವನ್ನು ಹಾಗೇ ಬಿಟ್ಟು, ಬೇರೆ ಬೇರೆ ಆಸ್ಪತ್ರೆಗಳಿಗೆ ಅದರ ನಕಲು ಕಳಿಸುತ್ತಾ ಕೂತಿದ್ದರೆ ನನ್ನ ಲೈಸೆನ್ಸ್ ಉಳಿಯುತ್ತಿರಲಿಲ್ಲ. ಗಾಜಿನ ಮೇಲಿನ ಅಂಗಾಂಶದ ಚೂರನ್ನು ಸ್ವತಃ ನೋಡದೆ ನಾನೊಂದು ವರದಿಗೂ ಸಹಿ ಹಾಕಿದವಳಲ್ಲ. ರಚನಾಳ ವರದಿಗೆ ಸಹಿ ಹಾಕಿದವರು ಯಾರು? ಅದರಲ್ಲಿ ಸಹಿಯ ಜಾಗವೇ ಇಲ್ಲ, ನೋಡಿದ್ದೇನೆ.

ಇಲ್ಲಿಗೆ ನಿಮ್ಮ ಸ್ಥಾಪಕ ಪಿತಾಮಹರ ಮಾತು ಬರುತ್ತದೆ. ಮುಂದಿನ ವರ್ಷ ಈ ದೇಶಕ್ಕೆ ಇನ್ನೂರೈವತ್ತು ತುಂಬುತ್ತದೆ, ಎಲ್ಲ ರಾಜ್ಯಗಳೂ ಸಮಿತಿ ಮಾಡಿಕೊಂಡಿವೆ, ಬಾವುಟ, ಮೆರವಣಿಗೆ, ಟೋಪಿ ಧರಿಸಿದ ವೇಷಗಾರರು. ಅವರನ್ನು ದೇವರಾಗಿಸುವ ಭ್ರಮೆ ನನಗಿಲ್ಲ. ಸ್ವಾತಂತ್ರ್ಯ ಎಂದು ಬರೆದ ಕೈಗಳಲ್ಲಿ ಹಲವು ಮನುಷ್ಯರನ್ನು ಕೊಂಡ ಕೈಗಳೇ. ಇದೇ ಕ್ಯಾರೊಲೈನಾದ ರಸ್ತೆಗಳಲ್ಲಿ, ಅವರದೇ ಕಾಲದಲ್ಲಿ, ಗಸ್ತಿನವರು ಕುದುರೆಯ ಮೇಲೆ ತಿರುಗುತ್ತಾ ಕರಿಯರನ್ನು ನಿಲ್ಲಿಸಿ, ಎಲ್ಲಿಗೆ ಹೊರಟೆ, ಯಾರ ಮನೆಗೆ, ಚೀಟಿ ಎಲ್ಲಿ ಎಂದು ಕೇಳುತ್ತಿದ್ದರು. ನಾನು ಬಂದ ಹೊಸತರಲ್ಲಿ, ನಮ್ಮ ಲ್ಯಾಬಿನ ಹಿರಿಯ ಕರಿಯ ಸಹೋದ್ಯೋಗಿಯೊಬ್ಬರು ತಮ್ಮ ಮುತ್ತಜ್ಜಿಯಿಂದ ಮನೆಯಲ್ಲಿ ಉಳಿದುಬಂದ ಆ ಕಥೆಗಳನ್ನು ಹೇಳುತ್ತಿದ್ದರು, ನಾನು ಹಳೆಯ ಕಾಲದ ಮಾತೆಂದು ಕೇಳುತ್ತಿದ್ದೆ. ಅಂದರೆ ಈ ನೆಲಕ್ಕೆ ಎರಡು ಪಿತ್ರಾರ್ಜಿತಗಳಿವೆ. ಸಗಟು ತಪಾಸಣೆ ಕೂಡದೆಂಬ ಕಾಗದ ಒಂದು, ಯಾರ ಮನೆಗೆ ಹೊರಟೆ ಎಂದು ಕೇಳುವ ಗಸ್ತು ಇನ್ನೊಂದು. ನಿಮ್ಮ ವಿಭಾಗ ಇವುಗಳಲ್ಲಿ ಯಾವುದಕ್ಕೆ ವಾರಸುದಾರ ಎಂದು ನೀವೇ ಹೇಳಿ. ದೊರೆಯ ಅಧಿಕಾರಿಗೆ ಕನಿಷ್ಠ ಬಾಗಿಲು ಬಡಿಯುವ ಶ್ರಮವಿತ್ತು.

ನಮ್ಮ ಸುತ್ತಮುತ್ತ ಈಗ ಏನಾಗುತ್ತಿದೆ ಎಂಬುದು ನಿಮ್ಮ ಕ್ಯಾಮೆರಾಗಳಿಗೂ ಕಾಣುತ್ತಿರಬೇಕು. ಈ ಸಲ ಯುಗಾದಿಯ ಊಟಕ್ಕೆ ನನ್ನ ಮನೆಗೆ ಬಂದವರು ಮೂರೇ ಜನ. ದೂರದಲ್ಲಿ ಕಾರು ನಿಲ್ಲಿಸಿ ನಡೆದು ಬಂದರು. ಶನಿವಾರದ ಪಾಠಕ್ಕೆ ಹದಿನೆಂಟು ಜನ ಬರುತ್ತಿದ್ದರು, ಈಗ ಐವರು. ಪಕ್ಕದ ರಾಜ್ಯದ ಆಶ್‌ಬರ್ನ್‌ನಲ್ಲಿರುವ ಅಭಿಷೇಕನ ಅಕ್ಕ ಫೋನಿನಲ್ಲಿ ರಚನಾಳ ಹೆಸರು ಹೇಳುವುದಿಲ್ಲ, 'ಅವಳು' ಎನ್ನುತ್ತಾಳೆ. ಯಾರೂ ಯಾರಿಗೂ ಹೀಗೆ ಮಾಡಿ ಎಂದು ಹೇಳಿಲ್ಲ. ಎಲ್ಲರೂ ತಾವಾಗಿಯೇ ಮಾಡುತ್ತಿದ್ದಾರೆ, ಅದೇ ನನಗೆ ಹೆಚ್ಚು ಹೆದರಿಕೆ ತರುತ್ತದೆ.

ನಿಧಿ ಶಾಲೆ ಬಿಟ್ಟ ಮೇಲೆ ನನ್ನ ಮನೆಗೆ ಬರುತ್ತಾಳೆ. ಹೋದ ವಾರ, ಜುಲೈ ನಾಲ್ಕರ ಪಟಾಕಿ ನೋಡಿ ಬಂದ ಮರುದಿನ, ಊಟ ಮಾಡುತ್ತಾ ಕೇಳಿದಳು.

"ನಳಿನಿ ಅಜ್ಜಿ, ಅಮ್ಮ ಏನು ರಾಂಗ್ ಮಾಡಿದ್ದು?"

"ಏನೂ ಇಲ್ಲ ಪುಟ್ಟಿ."

"ದೆನ್ ವೈ ಕಾಂಟ್ ಶಿ ಕಮ್ ಹೋಮ್?"

ನನ್ನಿಂದ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅವಳ ತಟ್ಟೆಗೆ ಇನ್ನೊಂದು ಚಮಚ ಮೊಸರು ಬಡಿಸಿದೆ.

ಆದ್ದರಿಂದ ಕೇಳುತ್ತಿದ್ದೇನೆ. ರಚನಾಳ ಹೆಸರಿನ ಮುಂದಿರುವ ಆ ಸಾಲನ್ನು ಅಳಿಸಿ. ಅಳಿಸಿದ್ದೇವೆಂದು ಒಂದು ಕಾಗದವನ್ನು, ಮನುಷ್ಯನೊಬ್ಬನ ಸಹಿಯೊಂದಿಗೆ, ವೀಸಾ ಕಚೇರಿಗೆ ಕಳಿಸಿ. ಆ ಅನುಮಾನ ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲೆಲ್ಲಕ್ಕೂ ಪ್ರಯೋಗಾಲಯದ ವರದಿಯನ್ನು ಕಳಿಸಿ. ಚಕ್ಕುಲಿಯ ಸಾಲು ನನ್ನದು, ಬೇಕಾದರೆ ನನ್ನ ಹೆಸರಿನಲ್ಲಿ ಇಟ್ಟುಕೊಳ್ಳಿ. ನನಗೆ ಎಪ್ಪತ್ತೆರಡು, ನನಗೆ ಯಾವ ಮುದ್ರೆಯೂ ಬೇಕಿಲ್ಲ.

ಇನ್ನು ಒಂದು ವಿಷಯ ಮುಂಚಿತವಾಗಿ ತಿಳಿಸುತ್ತೇನೆ, ನಿಮ್ಮ ಯಂತ್ರಕ್ಕೆ ಶ್ರಮ ತಪ್ಪಲಿ. ಈ ವರ್ಷದ ಗೌರಿ ಹಬ್ಬ ಆಗಸ್ಟ್ ಇಪ್ಪತ್ತಾರು, ಮಂಗಳವಾರ. ನಿಮ್ಮವರು ಹುಲ್ಲಿನ ಮೇಲೆ ಬಿಚ್ಚಿದ ಐದು ಬಾಗಿನಗಳು ಇನ್ನೂ ಸಲ್ಲಬೇಕಾದಲ್ಲಿ ಸಂದಿಲ್ಲ, ರಚನಾಳ ಹರಕೆ ಹನ್ನೊಂದಕ್ಕೇ ನಿಂತಿದೆ. ಮೊನ್ನೆ ಫೋನಿನಲ್ಲಿ ಅವಳೇ ಹೇಳಿದಳು.

"ಉಳಿದಿದ್ದು ನೀವೇ ಕೊಟ್ಬಿಡಿ ಆಂಟಿ."

"ನಾನು ಕೊಡೋ ಹಾಗಿಲ್ವಲ್ಲಮ್ಮ."

"ಯಾರು ಹೇಳಿದ್ದು? ನಿಮಗೆ ಬೇಡ ಅನ್ನೋಕೆ ಗೌರಿಗೆ ಅಷ್ಟು ಧೈರ್ಯ ಇದ್ಯಾ?" ಎಂದು ನಕ್ಕಳು. ಏಳು ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಾಗಾಗಿ ನಾನೇ ಹೊರಡುತ್ತೇನೆ. ಕಾರು ಅದೇ, ಓಡಿಸುವವಳು ನಾನು, ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬಡಾವಣೆಯ ಬಾಯಲ್ಲಿರುವ ಕಂಬದ ಮುಂದೆ, ನಾನೇ ಕೈ ಎತ್ತಿ ನಿಲ್ಲಿಸಿದ ಕಂಬದ ಮುಂದೆ, ಹಾದುಹೋಗುತ್ತೇನೆ. ಐದು ಮನೆಯವರಲ್ಲಿ ಮೂವರು ಈಗಾಗಲೇ ಮೆಸೇಜ್ ಕಳಿಸಿದ್ದಾರೆ, ಬರೋದು ಬೇಡ ಆಂಟಿ, ಫೋಟೋ ಕಳಿಸಿ ಸಾಕು ಎಂದು. ಆ ಮೂವರ ಬಾಗಿಲಿಗೂ ಹೋಗುತ್ತೇನೆ. ತೆರೆಯದಿದ್ದರೆ ಮೆಟ್ಟಿಲ ಮೇಲಿಟ್ಟು ಬರುತ್ತೇನೆ. ಒಂದೊಂದು ಮನೆಗೂ ಐದೇ ನಿಮಿಷ.

ದಾರಿಯಲ್ಲಿ ನಿಮ್ಮವರು ನಿಲ್ಲಿಸಬಹುದು. ಹಿಂದಿರುವ ಪೊಟ್ಟಣಗಳಲ್ಲಿ ಏನಿದೆ, ನೋಡಬಹುದೇ ಎಂದು ಕೇಳಬಹುದು. ಬೇಡ ಎನ್ನುತ್ತೇನೆ. ವಿನಯದಿಂದಲೇ ಹೇಳುತ್ತೇನೆ, ಮೊದಲ ದಿನದ ಪಾಠದಲ್ಲಿ ಹೇಳಿಕೊಟ್ಟ ಹಾಗೆ. ಆಮೇಲೆ ನೀವು ಏನು ಮಾಡುತ್ತೀರಿ ಎಂಬುದು ನನಗೆ ಗೊತ್ತಿಲ್ಲ. ಅಂದು ನನ್ನ ಪಕ್ಕದ ಸೀಟಿನಲ್ಲಿ ನಿಧಿ ಕೂತಿರುತ್ತಾಳೆ.

ಇಂತಿ,
ಒಮ್ಮೆ 'ಏನೂ ಅಭ್ಯಂತರವಿಲ್ಲ' ಎಂದು ಹೇಳಿ, ಅದರ ಶಿಕ್ಷೆಯನ್ನು ಬೇರೆಯವಳಿಗೆ ಹೊರಿಸಿದ,
ನಿಮ್ಮ ಕಡತದ ವೃದ್ಧೆ
ಡಾ. ನಳಿನಿ
ಜುಲೈ ೧೧, ೨೦೨೫